ಹಾಡಿಯ ದನಿ ನಿಂತ ವಾರ

ಹುಣಸೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ನನಗೆ ಕೊಟ್ಟಿದ್ದ ಕೋಣೆ ಎಕ್ಸ್‌ರೇ ಕೋಣೆಯ ಪಕ್ಕದ ಒಂದು ಗೂಡು. ಒಂದು ಮೇಜು, ಮೂರು ಕುರ್ಚಿ, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ಅಲ್ಲಿಗೆ ಒಂದು ಬೆಳಿಗ್ಗೆ ಜಮೀಲಾಬಿ ಎಂಬ ಹಿರಿಯ ಹೆಂಗಸು ಬಂದು, ಕರ್ಚೀಫಿನಲ್ಲಿ ಸುತ್ತಿದ್ದ ಗಂಟೊಂದನ್ನು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದರೆ ಮೊಬೈಲು.

"ಮಗ ಬರಲ್ಲ ಅಂದ ಮೇಡಂ. ಅದಕ್ಕೆ ಇದನ್ನೇ ತಂದೆ. ಇದಕ್ಕೇ ಏನಾದ್ರೂ ಮಾಡಿ."

"ಕಾಯಿಲೆ ಮಗನಿಗಲ್ವೇನಮ್ಮ? ಫೋನಿಗೆ ನಾನೇನು ಮಾಡ್ಲಿ?" ಎಂದೆ.

"ರಕ್ತ, ಉಚ್ಚೆ ತಂದು ಕೊಟ್ರೆ ಪರೀಕ್ಷೆ ಮಾಡಲ್ವಾ ನೀವು? ಹಂಗೇ ಇದನ್ನೂ ಮಾಡಿ," ಎಂದರು.

ಉತ್ತರ ಹುಡುಕುವ ಅಗತ್ಯವೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮಗ ಇಮ್ರಾನ್ ಪಾಲಿಶ್ ಮೆತ್ತಿದ ಕೈಯಲ್ಲೇ ಓಡೋಡಿ ಬಂದು ಬಾಗಿಲಲ್ಲಿ ನಿಂತ. "ನನ್ ಫೋನು ಇಲ್ಲಿಗೆ ಬಂತಾ?" ಬರಲಾರೆನೆಂದ ರೋಗಿಯನ್ನು ಫೋನೇ ಕರೆತಂದಿತ್ತು. ಆಮೇಲೆ ಯಾರಾದರೂ ಮಕ್ಕಳ ಬದಲು ಫೋನು ತಂದರೆ ನಾನು ಒಂದು ದಿನವೂ ಬೇಡ ಎನ್ನಲಿಲ್ಲ.

ನಾನು ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ನಾಲ್ಕು ತಾಲ್ಲೂಕಿಗೂ ವಾರದಲ್ಲಿ ಒಂದೊಂದು ದಿನ. ಮೈಸೂರಿನಿಂದ ಬರುತ್ತಿದ್ದ ಮನೋವೈದ್ಯರು ಮಾತ್ರೆ ಬರೆಯುತ್ತಿದ್ದರು. ಅದಕ್ಕೆ ಮೊದಲು ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ವಿಷಯ ತಿಳಿದುಕೊಳ್ಳುವುದು ನನ್ನ ಪಾಲು. ಜನ ನನ್ನನ್ನು ಕರೆಯುತ್ತಿದ್ದದ್ದು 'ಮಾತಾಡ್ಸೋ ಮೇಡಂ' ಎಂದು. ಈ ಹೆಸರನ್ನು ನಾನು ಬಿರುದಿನ ಹಾಗೆ ಹೊತ್ತು ತಿರುಗಿದೆ. ಈಗ ನಿವೃತ್ತಳಾಗಿ ಕೆ.ಆರ್. ನಗರದಲ್ಲಿ ಕೂತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಮೊಬೈಲ್ ಗೀಳು ಅಳೆಯೋಕೆ ಯಾವ ಪ್ರಶ್ನಾವಳಿ ಒಳ್ಳೇದು?" ಎಂದು ಕೇಳುತ್ತಾರೆ. ಅಡುಗೆ ಮಾಡೋಕೆ ಯಾವ ಸೌಟು ಒಳ್ಳೇದು ಎಂದು ಕೇಳಿದ ಹಾಗೆ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಅದು ನಮ್ಮ ಕಸುಬಿನ ಮೊದಲ ಮರ್ಯಾದೆ.

ಇಮ್ರಾನನ ಮಾತಿಗೆ ಬರುತ್ತೇನೆ. ಮಂಚ, ಸೋಫಾಗಳಿಗೆ ಪಾಲಿಶ್ ಹಾಕುವುದರಲ್ಲಿ ಎತ್ತಿದ ಕೈ. ಪಾಲಿಶ್ ಹಾಕುವುದನ್ನು ವಿಡಿಯೋ ಮಾಡಿ ಹಾಕುತ್ತಿದ್ದ, ಜನ ಮೆಚ್ಚುತ್ತಿದ್ದರು. ಒಂದು ಕೈ ಪಾಲಿಶ್ ಒಣಗುವ ತನಕ ಎಷ್ಟು ಜನ ನೋಡಿದರು ಎಂದು ನೋಡುವುದು, ಒಣಗಿದ ಮೇಲೂ ನೋಡುತ್ತಲೇ ಕೂರುವುದು. ಕೊಟ್ಟ ಮಾತಿಗೆ ಸರಿಯಾಗಿ ಒಂದು ಮಂಚವೂ ಅಂಗಡಿ ಬಿಡುತ್ತಿರಲಿಲ್ಲ. ಅಚ್ಚಾದ ಹಾಳೆ ಹಿಡಿದು ನಾನು ಓದಿದೆ: "ಅಂತರ್ಜಾಲ ಬಳಕೆಯನ್ನು ನಿಯಂತ್ರಿಸಲು ಪ್ರಯತ್ನಿಸಿ ವಿಫಲರಾಗಿದ್ದೀರಾ?" ಅವನು ಕೋರ್ಟಿನ ಕಟಕಟೆಯಲ್ಲಿ ನಿಂತವನ ಹಾಗೆ ನನ್ನ ಮುಖ ನೋಡಿದ. ನಾನು ಹಾಳೆ ಮಗುಚಿಟ್ಟು, "ಏನಾಗ್ತದೆ ಹೇಳಪ್ಪ," ಎಂದೆ.

"ನೋಡಬಾರ್ದು ಅಂತಾನೇ ದೂರ ಇಡ್ತೀನಿ ಮೇಡಂ. ಬೇಡ ಬೇಡ ಅಂದ್ರೂ ಕೈ ಹೋಗುತ್ತೆ."

ಅಷ್ಟೇ. ಅಂದಿನಿಂದ ನನ್ನ ಪ್ರಶ್ನೆ ಅದೇ ಆಯಿತು: "ಬೇಡ ಅಂದ್ರೂ ಕೈ ಹೋಗುತ್ತಾ?" ನಾಲ್ಕು ತಾಲ್ಲೂಕಿನಲ್ಲಿ ಈ ಪ್ರಶ್ನೆ ಅರ್ಥವಾಗದವರು ನನಗೆ ಸಿಗಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಅಂದರೆ ಆ ಮನೋವೈದ್ಯರು, ಇದನ್ನು ಕೇಳಿ ನಕ್ಕು, "ಹಾಳೇಲಿರೋ ಪ್ರಶ್ನೆ ಬಿಡಬೇಡಿ, ಇದನ್ನೂ ಬಿಡಬೇಡಿ," ಎಂದರು. ಅವರು ಮುಂಗೋಪಿ. ಅಂದಾಜಿನಲ್ಲಿ ಏನಾದರೂ ಹೇಳಿದರೆ ಕಡತ ವಾಪಸ್ಸು. "ಕರುಣೆ ಬೇಡ ಮೇಡಂ, ಆಧಾರ ಕೊಡಿ," ಎನ್ನುವುದು ಅವರ ಮಂತ್ರ. ಬೈಸಿಕೊಂಡು ಕಲಿತದ್ದು ನನಗೆ ಇವತ್ತಿಗೂ ಮರೆತಿಲ್ಲ.

ಆರಂಭದಲ್ಲಿ ನಾವೆಲ್ಲ ಗಂಟೆ ಎಣಿಸುತ್ತಿದ್ದೆವು. ದಿನಕ್ಕೆ ಇಷ್ಟು ಹೊತ್ತು ನೋಡಿದರೆ ಸರಿ, ಅದರ ಮೇಲೆ ಹೋದರೆ ಗೀಳು. ಈ ಲೆಕ್ಕ ಎಷ್ಟು ಪೊಳ್ಳು ಎಂದು ನನಗೆ ತೋರಿಸಿದವರು ಹನಗೋಡಿನ ಗಂಡ ಹೆಂಡತಿ. ಗಂಡ ಕಾಂತರಾಜು ಹೊಗೆಸೊಪ್ಪು ಬೆಳೆಯುವವನು. ಸೊಪ್ಪನ್ನು ಬ್ಯಾರನ್ ಎಂಬ ಹದಮಾಡುವ ಮನೆಯೊಳಗೆ ತೂಗುಹಾಕಿ ಬೆಂಕಿ ಕೊಟ್ಟ ಮೇಲೆ, ಶಾಖ ಏರದ ಹಾಗೆ ಇಳಿಯದ ಹಾಗೆ ಹಗಲೂ ಇರುಳೂ ಯಾರಾದರೂ ಕಾಯಲೇಬೇಕು. ಎಚ್ಚರ ತಪ್ಪಿದರೆ ಚಿನ್ನದ ಬಣ್ಣ ಬರಬೇಕಾದ ಸೊಪ್ಪು ಕಪ್ಪಾಗುತ್ತದೆ. "ಗಂಟೆಗಟ್ಲೆ ನೋಡ್ತಾರೆ," ಎಂದು ಹೆಂಡತಿ ಭಾಗ್ಯ ದೂರು ಹೇಳಿದಳು.

"ನಿದ್ದೆ ತಡೆಯೋಕೆ ಫೋನು ಬೇಕು ಕಣ್ರೀ ಮೇಡಂ. ನಮ್ಮಪ್ಪ ಬೀಡಿ ಸೇದ್ತಿದ್ದ, ನಾನು ಇದ್ನ ನೋಡ್ತೀನಿ. ತಪ್ಪಾ?" ಎಂದ ಕಾಂತರಾಜು.

ತಪ್ಪೇನೂ ಅಲ್ಲವಲ್ಲ ಎಂದು ನಾನೂ ತಲೆದೂಗುವುದರಲ್ಲಿದ್ದೆ. ಆಗ ಭಾಗ್ಯ ಸೆರಗು ಸಿಕ್ಕಿಸಿಕೊಂಡು, "ಬ್ಯಾರನ್ ಆರಿ ಯಾವ ಕಾಲ ಆಯ್ತು, ಇವ್ರಿನ್ನೂ ಕಾವಲು ಕಾಯ್ತಾವ್ರೆ! ಕೇಳಿ ಮೇಡಂ," ಎಂದಳು.

ನನಗೆ ನಗು ತಡೆಯಲಾಗಲಿಲ್ಲ, ಕಾಂತರಾಜುವೇ ನಕ್ಕುಬಿಟ್ಟ. ಆದರೆ ಪಾಠ ಅಲ್ಲೇ ಇತ್ತು. ಬಳಕೆಗೆ ಒಂದು ಕಾರಣ ಇರುತ್ತದೆ. ಕಾರಣ ಹೋದ ಮೇಲೂ ಬಳಕೆ ನಿಲ್ಲದಿದ್ದರೆ, ಊಟ, ನಿದ್ದೆ, ಕೆಲಸ, ಮನೆಯವರ ಜೊತೆಗಿನ ಮಾತು ಇವುಗಳಲ್ಲಿ ಒಂದೊಂದೇ ಕೈಬಿಡುತ್ತಾ ಹೋದರೆ, ಆಗ ನಮ್ಮ ಕೆಲಸ ಶುರು. ಕಾಂತರಾಜುವಿಗೆ ಮಾತ್ರೆ ಬೇಕಾಗಲಿಲ್ಲ. ಕೆಟ್ಟಿದ್ದ ನಿದ್ದೆಯ ಹೊತ್ತನ್ನು ಮೆಲ್ಲಗೆ ಸರಿಪಡಿಸಿದೆವು. ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆಸಿ ನಡುಮನೆಗೆ ಹಾಕಿಸಿದೆವು. ಭಾಗ್ಯ ಅದಕ್ಕೆ ಕಾವಲು. ಕೆಲವು ತಿಂಗಳ ಮೇಲೆ ಅವಳು ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕು, "ಈಗ ನನ್ ಜೊತೆ ಜಗಳಾನಾದ್ರೂ ಆಡ್ತಾರೆ ಮೇಡಂ," ಎಂದು ಸಂತೋಷದಿಂದಲೇ ಹೇಳಿದಳು.

ಈ ಎರಡು ಪಾಠ ಕೈಯಲ್ಲಿ ಇರದಿದ್ದರೆ ಗೌರಿಯ ವಿಷಯದಲ್ಲಿ ನಾನು ಖಂಡಿತ ಮುಗ್ಗರಿಸುತ್ತಿದ್ದೆ.

ಗೌರಿ ಅಂತರಸಂತೆಯ ಆಚೆ, ಕಾಡಂಚಿನ ಜೇನುಕುರುಬರ ಹಾಡಿಯ ಹುಡುಗಿ. ಎಚ್.ಡಿ. ಕೋಟೆಯ ಹಾಸ್ಟೆಲಿನಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಳು. ಅವಳ ಹಾಡಿಯಲ್ಲಿ ಅಷ್ಟು ಓದಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಅವಳನ್ನು ನನ್ನ ಬಳಿಗೆ ಕಳಿಸಿದ್ದು ಕಾಲೇಜಿನ ಪ್ರಾಂಶುಪಾಲರು. ತರಗತಿಯ ನಡುವೆ ಫೋನು ಅದುರಿದರೆ ಎದ್ದು ಹೊರಗೆ ಹೋಗುತ್ತಾಳೆ, ಊಟದ ತಟ್ಟೆಯ ಮುಂದೆಯೂ ಫೋನು, ಬೆಳಿಗ್ಗೆ ಕಣ್ಣು ಬಿಟ್ಟರೆ ಫೋನು. ಗೀಳು ಹಿಡಿದಿದೆ ಎಂದು ನೀವು ಬರೆದುಕೊಟ್ಟರೆ ವಾಸಿಯಾಗುವ ತನಕ ಮನೆಗೆ ಕಳಿಸುತ್ತೇವೆ ಎಂದು ಹೇಳಿ ಕಳಿಸಿದ್ದರು. ಅವರು ಕೆಟ್ಟವರಲ್ಲ. ಮಿಕ್ಕ ಹುಡುಗಿಯರೂ ಹಾಳಾಗುತ್ತಾರೆ ಎಂಬ ಚಿಂತೆ ಅವರಿಗೆ.

ಆದರೆ 'ವಾಸಿಯಾಗುವ ತನಕ' ಎನ್ನುವ ಮಾತಿನ ಅರ್ಥ ನನಗೆ ಗೊತ್ತಿತ್ತು. ಅವಳ ತಾಯಿ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದಳು. ಗೌರಿ ಹಾಡಿಗೆ ವಾಪಸ್ಸು ಹೋದರೆ ಕೂಲಿಯವರನ್ನು ಒಯ್ಯುವ ಮುಂದಿನ ಜೀಪಿಗೆ ಅವಳೂ ತೋಟಕ್ಕೆ. ಕಾಲೇಜಿನ ಮೆಟ್ಟಿಲು ಮತ್ತೆ ಹತ್ತುವ ಮಾತೇ ಇಲ್ಲ. ನನ್ನ ಒಂದು ಸಹಿಯ ಮೇಲೆ ಅವಳ ಓದು ನಿಂತಿತ್ತು.

ಅಚ್ಚಾದ ಪ್ರಶ್ನೆಗಳನ್ನು ಕೇಳಿದೆ. ಪ್ರಾಮಾಣಿಕ ಹುಡುಗಿ, ಒಂದನ್ನೂ ಮುಚ್ಚಿಡಲಿಲ್ಲ. ಅಂಕ ಕೂಡಿದರೆ 'ತೀವ್ರ' ಎಂಬ ಸಾಲಿಗೆ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಾಗಿದ್ದರೆ ಅಲ್ಲೇ ಸಹಿ ಹಾಕಿ ಚಹಾ ಕುಡಿಯಲು ಏಳುತ್ತಿದ್ದೆ. ಹಾಳೆ ಮಗುಚಿಟ್ಟು ನನ್ನ ಪ್ರಶ್ನೆ ಕೇಳಿದೆ.

"ಬೇಡ ಅಂದ್ರೂ ಕೈ ಹೋಗುತ್ತಾ?"

"ಡ್ಯಾನ್ಸ್ ವಿಡಿಯೋ ನೋಡೋವಾಗ ಒಸಿ ಹೋಗುತ್ತೆ ಮೇಡಂ," ಎಂದು ನಾಚಿಕೊಂಡಳು.

"ಫೋನು ನೋಡದೆ ಇದ್ರೆ ಏನಾಗುತ್ತೆ?"

"ಬೈತಾರೆ."

ನಾನು ಪೆನ್ನು ಕೆಳಗಿಟ್ಟೆ. ಈ ಪ್ರಶ್ನೆಗೆ ಬೇಜಾರು, ಕೋಪ, ತಲೆನೋವು, ಏನೋ ಕಳಕೊಂಡ ಹಾಗೆ ಎಂದೆಲ್ಲ ಉತ್ತರ ಕೇಳಿದ್ದೆ. ಬೈತಾರೆ ಎಂದವರು ಯಾರೂ ಇರಲಿಲ್ಲ.

"ಯಾರಮ್ಮ ಬೈಯೋರು?"

"ಎಲ್ಲಾರೂವೆ. ಅವ್ವ, ಮಾವ, ದೊಡ್ಡಮ್ಮ. ಅಜ್ಜಿಯಂತೂ..."

ತಾನಾಗಿಯೇ ಫೋನು ತೆಗೆದು ತೋರಿಸಿದಳು. ಸಾಲಾಗಿ ದನಿ ಸಂದೇಶಗಳು. ಕೊಡಗಿನ ತೋಟದಲ್ಲಿ ಕೂಲಿಯವರ ಸಾಲುಮನೆಯಾದ ಲೈನ್ ಮನೆಯಲ್ಲಿರುವವರು ಹಾಡಿಯಲ್ಲಿ ಉಳಿದ ಮುದುಕರಿಗೆ, ಮಕ್ಕಳಿಗೆ ಹೇಳಬೇಕಾದದ್ದನ್ನೆಲ್ಲ ಇವಳ ಫೋನಿಗೆ ಹೇಳಿಬಿಡುತ್ತಿದ್ದರು. ಅಜ್ಜಿ ಮಾತ್ರೆ ನುಂಗಿದ್ಲಾ ಕೇಳು. ಮೇಕೆ ಮಾರ್ಬ್ಯಾಡ ಅನ್ನು. ಮಗೀಗೆ ಜ್ವರ ಬುಡ್ತಾ? ಗೌರಿ ಹಾಡಿಯ ಪಕ್ಕದ ಪೆಟ್ಟಿಗೆ ಅಂಗಡಿಯ ತಂತಿ ಫೋನಿಗೆ ಕರೆ ಮಾಡಿ ಆ ಮಾತನ್ನು ದಾಟಿಸಬೇಕು, ಬಂದ ಉತ್ತರವನ್ನು ತನ್ನ ದನಿಯಲ್ಲಿ ತೋಟಕ್ಕೆ ಕಳಿಸಬೇಕು. ತಡವಾದರೆ ಎರಡೂ ಕಡೆಯಿಂದ ಬೈಗುಳ.

ಇದು ಅವಳ ಮಾತು. ಕಣ್ಣಾರೆ ನೋಡದೆ ದೊಡ್ಡ ಡಾಕ್ಟರ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಭಾನುವಾರ ಅಂತರಸಂತೆಗೆ ಬಸ್ಸು ಹತ್ತಿ, ಅಲ್ಲಿಂದ ಅವಳ ಜೊತೆ ನಡೆದು ಹಾಡಿಗೆ ಹೋದೆ. ಹಾಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಿನ್ನೀರಿನ ಕಡೆಗೆ ಒಂದು ದಿಬ್ಬವಿದೆ; ಅದರ ಮೇಲೆ ನಿಂತರೆ ಸಿಕ್ಕೀತು. ಗೌರಿ ಬರುವುದನ್ನೇ ಕಾಯುತ್ತಿದ್ದವರ ಹಾಗೆ ಮುದುಕಿಯರು, ಚಿಕ್ಕ ಮಕ್ಕಳು ದಿಬ್ಬ ಹತ್ತಿದರು. ಒಬ್ಬೊಬ್ಬರೂ ಅವಳ ಪಕ್ಕ ಕೂತು ಫೋನಿನೊಳಗೆ ಕೂಗಿ ಹೇಳಿದರು. ಸಂದೇಶ ಹೋಗಲು ಕಾಯಬೇಕು, ಉತ್ತರ ಬರಲು ಕಾಯಬೇಕು. ಬಿಸಿಲು ಇಳಿಯುವ ತನಕ ಅವಳು ಅಲ್ಲಿಂದ ಏಳಲಿಲ್ಲ. ಆ ಹೊತ್ತನ್ನೂ ನಮ್ಮ ಅಂಕಪಟ್ಟಿ 'ಬಳಕೆ' ಎಂದೇ ಲೆಕ್ಕ ಹಿಡಿದಿತ್ತು. ಅವಳ ಅಜ್ಜಿ ಮಾಸ್ತಮ್ಮ ಮಾತ್ರ ಹೆಮ್ಮೆಯಿಂದ, "ನಮ್ ಕೂಸು ಇಲ್ದಿದ್ರೆ ಕೊಡಗೂ ಇಲ್ಲ, ಆಡೀನೂ ಇಲ್ಲ ಕಣವ್ವ," ಎಂದಳು. ಪಕ್ಕದಲ್ಲಿ ಅರ್ಥಶಾಸ್ತ್ರದ ಪುಸ್ತಕ ತೆರೆಯದೆ ಬಿದ್ದಿತ್ತು.

ಎಲ್ಲವನ್ನೂ ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಆದ್ರೆ ಡ್ಯಾನ್ಸ್ ವಿಡಿಯೋನೂ ನೋಡ್ತಾಳೆ, ಕೈನೂ ಹೋಗುತ್ತೆ ಅಂತ ನೀವೇ ಹೇಳ್ತಿದ್ದೀರಿ. ಸೇವೆಯ ನೆಪದಲ್ಲಿ ಗೀಳು ಬೆಳೆದಿರಬಹುದಲ್ಲ?" ಎಂದರು.

ನನಗೆ ಸಿಟ್ಟು ಬಂತು. ಆದರೆ ಪ್ರಶ್ನೆ ನ್ಯಾಯವಾಗಿತ್ತು. ಬ್ಯಾರನ್ ಕಾಂತರಾಜುವೂ ಶುರು ಮಾಡಿದ್ದು ಒಳ್ಳೆಯ ಕಾರಣಕ್ಕೇ.

"ಒಂದು ವಾರ ಫೋನು ವಾರ್ಡನ್ ಹತ್ರ ಇರಲಿ," ಎಂದರು ಅವರು. "ಕಿತ್ತುಕೊಳ್ಳಬೇಡಿ, ಅವಳನ್ನೇ ಕೇಳಿ ಇಸ್ಕೊಳ್ಳಿ. ಚಡಪಡಿಕೆ ಎಷ್ಟು, ನಿದ್ದೆ ಹೇಗೆ, ಓದು ಹೇಗೆ ನೋಡೋಣ."

ಪ್ರಾಂಶುಪಾಲರು ಒಪ್ಪಿದರು, ಆದರೆ ಒಂದು ಕೊಕ್ಕೆ ಇಟ್ಟರು: ಈ ವಾರದಲ್ಲಿ ಹುಡುಗಿ ರಂಪ ಮಾಡಿದರೆ ಮನೆಗೆ ಕಳಿಸುವುದೇ ಸೈ. ಗೌರಿಯನ್ನು ಕೇಳಿದಾಗ ಫೋನನ್ನು ಎದೆಗೆ ಒತ್ತಿಕೊಂಡು, "ಆಡಿಯೋರ್ಗೆ ಹೇಳ್ಬೇಕಲ್ಲ ಮೇಡಂ," ಎಂದಳು. "ಒಂದು ವಾರ ತಾನೇ, ಏನೂ ಆಗಲ್ಲ ಕೊಡಮ್ಮ," ಎಂದು ಕೈ ಚಾಚಿದೆ. ಅವಳು ಕೊಟ್ಟಳು. ಅದು ನಾನು ಎಡವಿದ ಜಾಗ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ: ಫೋನು ಇಸಿದುಕೊಳ್ಳುವ ಮೊದಲು ಅದರ ಆ ಕಡೆ ಯಾರಿದ್ದಾರೆ ಎಂದು ನೋಡಬೇಕು.

ವಾರ್ಡನ್ ದಿನವೂ ನನಗೆ ಸುದ್ದಿ ಕೊಡುತ್ತಿದ್ದರು. ಮೊದಲ ದಿನ ಹುಡುಗಿಯ ಕೈ ಸುಮ್ಮಸುಮ್ಮನೆ ಫೋನು ಸಿಕ್ಕಿಸುತ್ತಿದ್ದ ಸೊಂಟದ ಕಡೆಗೆ ಹೋಗುತ್ತಿತ್ತಂತೆ. ಮಾರನೆಯ ದಿನ ಕಡಿಮೆ. ಆಮೇಲೆ, "ಕೂಸು ಮಲಗಿದ್ದೇ ಮಲಗಿದ್ದು ಮೇಡಂ, ಎಷ್ಟು ವರ್ಷದ ನಿದ್ದೆ ಬಾಕಿ ಇತ್ತೋ," ಎಂದರು. ಊಟ ಸೇರುತ್ತಿದೆ, ಪುಸ್ತಕ ತೆರೆದಿದ್ದಾಳೆ, ಗೆಳತಿಯರ ಜೊತೆ ನಗುತ್ತಿದ್ದಾಳೆ. ರಂಪವಿಲ್ಲ, ರಗಳೆಯಿಲ್ಲ.

ರಗಳೆ ಬಂದದ್ದು ಗೇಟಿನ ಆಚೆಯಿಂದ. ವಾರ ಮುಗಿಯುವ ಮೊದಲೇ, ನಾವು ಕೋಟೆಯ ಆಸ್ಪತ್ರೆಗೆ ಹೋಗುವ ದಿನ, ವಾರ್ಡನ್ ಗಾಬರಿಯಿಂದ ಕರೆ ಮಾಡಿದರು. ಹೊರರೋಗಿಗಳನ್ನು ನೋಡಿ ಮುಗಿಸಿದ್ದ ದೊಡ್ಡ ಡಾಕ್ಟರೂ ನನ್ನ ಜೊತೆ ಹೊರಟರು. ಕಾಲೇಜಿನ ಗೇಟಿನ ಮುಂದೆ ಹಾಡಿಗೆ ಹಾಡಿಯೇ ನಿಂತಿತ್ತು. ಕೋಲು ಹಿಡಿದ ಮಾಸ್ತಮ್ಮ ಎಲ್ಲರಿಗೂ ಮುಂದೆ. ಗೌರಿಯ ತಾಯಿ ಕೊಡಗಿನಿಂದ ಹುಣಸೂರಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ, ತೋಟದ ಮಾಸಿದ ಬಟ್ಟೆಯಲ್ಲೇ ಬಂದಿದ್ದಳು. ಪ್ರಾಂಶುಪಾಲರು ಕೈ ಎತ್ತಿ ಸಮಾಧಾನ ಹೇಳುತ್ತಿದ್ದರು; ಯಾರೂ ಕೇಳುತ್ತಿರಲಿಲ್ಲ.

"ನಮ್ ಕೂಸ್ನ ಏನ್ ಮಾಡುದ್ರಿ?" ಮಾಸ್ತಮ್ಮ ಕೋಲು ಕುಟ್ಟಿ ಕೂಗುತ್ತಿದ್ದಳು. "ದನಿ ನಿಂತೋಯ್ತಲ್ಲ! ಸೀಕಾ? ಸತ್ತೋಯ್ತಾ? ಯೋಳಿ!"

ಗೌರಿಯ ತಾಯಿ ಗೇಟಿನ ಸರಳು ಹಿಡಿದು ಅಳುತ್ತಿದ್ದಳು.

ಆಗ ತರಗತಿಯಿಂದ ಗೌರಿ ಪುಸ್ತಕ ಹಿಡಿದು ಬಂದಳು. ಎಣ್ಣೆ ಹಾಕಿ ತಲೆ ಬಾಚಿಕೊಂಡು, ತಣ್ಣಗಿದ್ದಳು. "ಏನಜ್ಜಿ? ಅವ್ವ, ನೀನ್ಯಾಕ್ ಬಂದೆ? ನಾ ಚೆಂದಾಗಿವ್ನಿ ಕಣವ್ವ," ಎಂದಳು.

ದೊಡ್ಡ ಡಾಕ್ಟರು ಒಂದು ಗಳಿಗೆ ಆ ಗುಂಪನ್ನು, ಆ ಹುಡುಗಿಯನ್ನು ನೋಡಿದರು. ಆಮೇಲೆ ಪ್ರಾಂಶುಪಾಲರ ಕಡೆ ತಿರುಗಿ, "ಫೋನು ಬಿಟ್ಟಿದ್ದು ಹುಡುಗಿ. ಚಡಪಡಿಕೆ ಯಾರಿಗೆ ಬಂದಿದೆ ನೋಡಿ ಸಾರ್," ಎಂದರು. ಬಳಿಕ ನನ್ನ ಕಡೆ ನೋಡಿ, "ಹೇಳಿ ಮೇಡಂ. ಇದು ನಿಮ್ಮ ಕೇಸು," ಎಂದರು.

ಅಷ್ಟು ವರ್ಷದ ಕೆಲಸದಲ್ಲಿ ಅವರು ಹಾಗೆ ಎಲ್ಲರೆದುರು ಮಾತು ಬಿಟ್ಟುಕೊಟ್ಟದ್ದು ಅದೇ ಮೊದಲು. ನಾನು ಹೇಳಿದೆ. ಇವಳಿಗೆ ಗೀಳಿಲ್ಲ. ಎಲ್ಲ ಮಕ್ಕಳ ಹಾಗೆ ವಿಡಿಯೋದ ಆಸೆ ಸ್ವಲ್ಪ ಇದೆ, ಅದನ್ನು ನಾನೂ ಅವಳೂ ಕೂತು ಸರಿಮಾಡಿಕೊಳ್ಳುತ್ತೇವೆ. ಉಳಿದದ್ದೆಲ್ಲ ಕೆಲಸ. ಒಂದು ಹಾಡಿಯ ಟಪಾಲು ಇವಳೊಬ್ಬಳ ಹೆಗಲ ಮೇಲಿದೆ. ಮನೆಗೆ ಕಳಿಸಿದರೆ ಅದು ಇಳಿಯುವುದಿಲ್ಲ, ಓದು ಮಾತ್ರ ಹೋಗುತ್ತದೆ. ಹೇಳುತ್ತಾ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ.

ಪ್ರಾಂಶುಪಾಲರು ಗೇಟು ತೆರೆಸಿ, "ಸೀಟು ಎಲ್ಲಿಗೂ ಹೋಗಲ್ಲ. ಇವರಿಗೆಲ್ಲ ಮೊದಲು ಊಟ ಹಾಕ್ಸಿ," ಎಂದು ವಾರ್ಡನ್‌ಗೆ ಹೇಳಿದರು.

ಹಾಸ್ಟೆಲಿನ ಊಟದ ಸಾಲಿನಲ್ಲಿ ಕೂತ ಮಾಸ್ತಮ್ಮ ಮುದ್ದೆ ಮುರಿಯದೆ ಬಹಳ ಹೊತ್ತು ಮೊಮ್ಮಗಳ ಮುಖವನ್ನೇ ನೋಡಿದಳು. "ನಿದ್ದೆ ಮಾಡಿ ಮೊಕ ತುಂಬ್ಕಂಡದೆ. ನಾವೇ ಕಣವ್ವ ಇದ್ರ ನಿದ್ದೆ ತಿಂತಿದ್ದೋರು," ಎಂದಳು. ಅಲ್ಲೇ ಊಟದ ಸಾಲಿನಲ್ಲೇ ತೀರ್ಮಾನವಾಯಿತು: ಹಾಡಿಯ ಮಾತು ಹಾಡಿಯ ಅಂಗನವಾಡಿ ಸಹಾಯಕಿಯ ಫೋನಿಗೆ, ದಿಬ್ಬ ಹತ್ತುವ ಕೆಲಸ ದಿನಕ್ಕೊಂದು ಮನೆಯವರದು. ಗೌರಿಗೆ ಅವಳ ಅವ್ವನ ದನಿ ಮಾತ್ರ, ಅದೂ ಸಂಜೆ.

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಒಳ್ಳೆಯ ಮಾತಾಡಿದರು. ಸಂತೋಷವಾಯಿತು. ಆದರೆ ನನ್ನ ಕೆಲಸ ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದ್ದು ಆ ದಿನವಲ್ಲ. ಗೌರಿಯ ಆ ವಾರ ಮುಗಿದ ಮೇಲೆ ಹಾಸ್ಟೆಲಿಗೆ ಹೋಗಿ, ವಾರ್ಡನ್ ಬೀರುವಿನಿಂದ ಫೋನು ತೆಗೆಸಿ ಗೌರಿಯ ಕೈಗಿಟ್ಟೆ. ಅವಳು ಅದನ್ನು ಹೊತ್ತಿಸಿ ತಾಯಿಗೆ ಒಂದೇ ಒಂದು ಮಾತು ಹೇಳಿ ಕಳಿಸಿದಳು: "ದನಿ ನಿಂತ್ರೆ ಎದ್ರುಬ್ಯಾಡ ಕಣವ್ವ." ಮತ್ತೆ ಆರಿಸಿ, ತನ್ನ ದುಪಟ್ಟಾದ ಅಂಚಿನಿಂದ ಒರೆಸಿ, ನನ್ನ ಕೈಗೇ ವಾಪಸ್ಸು ಇಟ್ಟಳು.

"ಪರೀಕ್ಷೆ ಮುಗಿಯೋಗಂಟ ನೀವೇ ಮಡಿಕ್ಕಳಿ ಮೇಡಂ. ಆಮ್ಯಾಕೆ ನಾನೇ ಬಂದು ಇಸ್ಕತೀನಿ," ಎಂದಳು. ಗಂಟೆ ಹೊಡೆಯಿತು, ಪುಸ್ತಕ ಎತ್ತಿಕೊಂಡು ತರಗತಿಗೆ ಓಡಿದಳು.